ಕಡಿಯದೆ ನಿಲ್ಲುವ ಸಂಪರ್ಕಗಳಿಗೆ ಫೀನಿಕ್ಸ್ ಚಾನೆಲ್ಸ್

ಚಾಟ್, ಲೈವ್ ಸ್ಕೋರ್, ಬಸ್ ಟ್ರ್ಯಾಕಿಂಗ್‌ನಂಥ ಸೇವೆಗಳಲ್ಲಿ ಬಹುಪಾಲು ವೆಬ್‌ಸಾಕೆಟ್ (ಕ್ಲೈಂಟ್ ಮತ್ತು ಸರ್ವರ್ ನಡುವೆ ತೆರೆದೇ ಇರುವ) ಸಂಪರ್ಕಗಳು ಬಹಳ ಹೊತ್ತು ಸುಮ್ಮನೆ ಕೂತಿರುತ್ತವೆ. ಸರ್ವರ್ ಆರಿಸುವಾಗ ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಎಂದಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಸುಮ್ಮನಿರುವ ಸಂಪರ್ಕವೊಂದು ಎಷ್ಟು ಮೆಮೊರಿ ತಿನ್ನುತ್ತದೆ, ಒಂದು ಕೆಟ್ಟರೆ ಉಳಿದವುಗಳ ಗತಿಯೇನು ಎಂಬುದೇ ಮುಖ್ಯ. ಈ ಎರಡರಲ್ಲೂ ಎಲಿಕ್ಸಿರ್ ಭಾಷೆಯ ವೆಬ್ ಫ್ರೇಮ್‌ವರ್ಕ್ ಫೀನಿಕ್ಸ್‌ಗೆ, ಅದರಲ್ಲಿ ಇಂಥ ಸಂಪರ್ಕಗಳನ್ನು ನೋಡಿಕೊಳ್ಳುವ ಚಾನೆಲ್ಸ್‌ಗೆ, ಮೊದಲ ಮಣೆ ಹಾಕಬೇಕು.

ಇದು ನಡೆಯುವುದು ಎರ್ಲಾಂಗ್ ಭಾಷೆಯ ವಿಎಂ (ವರ್ಚುವಲ್ ಮಷೀನ್) ಮೇಲೆ. ಪ್ರತಿ ಸಂಪರ್ಕಕ್ಕೂ ಅದರದೇ ಪುಟ್ಟ ಪ್ರೊಸೆಸ್, ಹುಟ್ಟುವಾಗ 3 ಕೆಬಿಯೂ ಇರುವುದಿಲ್ಲ. ಹೀಪ್, ಅಂದರೆ ಡೇಟಾ ಇಡುವ ಮೆಮೊರಿ ಜಾಗ, ಕೂಡ ಬೇರೆಬೇರೆ. ಒಂದು ಕುಸಿದರೆ ಪಕ್ಕದ್ದಕ್ಕೆ ಗೊತ್ತೇ ಆಗದು. ಜಾವಾಸ್ಕ್ರಿಪ್ಟ್ ಸರ್ವರ್ ಆದ ನೋಡ್.ಜೆಎಸ್‌ನಲ್ಲಿ ಹೀಗಲ್ಲ: ದೊಡ್ಡ ಜೇಸನ್ ಡೇಟಾ ಒಂದನ್ನು ಪಾರ್ಸ್ ಮಾಡುವಷ್ಟು ಹೊತ್ತು ಆ ಥ್ರೆಡ್‌ನ ಎಲ್ಲ ಸಂಪರ್ಕಗಳೂ ಕಾಯುತ್ತವೆ. ಸಂದೇಶ ತಳ್ಳುವುದಷ್ಟೇ ಕೆಲಸವಾದರೆ ಗೋ ಭಾಷೆ ಧಾರಾಳ ಸಾಕು. ಯಾರು ಆನ್‌ಲೈನ್, ಯಾರು ಯಾವ ರೂಮಿನಲ್ಲಿ ಎಂಬ ಲೆಕ್ಕ ಹಲವು ಸರ್ವರ್‌ಗಳಲ್ಲಿ ಒಂದೇ ಇರಬೇಕಾದಾಗ ಫೀನಿಕ್ಸ್‌ನ ಪ್ರೆಸೆನ್ಸ್ ಕೈಹಿಡಿಯುತ್ತದೆ.

2015ರಲ್ಲಿ ಫೀನಿಕ್ಸ್ ತಂಡ 40 ಕೋರ್, 128 ಜಿಬಿ ಯಂತ್ರವೊಂದರಲ್ಲಿ 20 ಲಕ್ಷ ಸಂಪರ್ಕ ನಿಲ್ಲಿಸಿ ತೋರಿಸಿತು. ಅದನ್ನೇ ನಂಬಿ ಯಂತ್ರ ಕೊಳ್ಳಬೇಡಿ. ನಿಮ್ಮ ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ), ಪ್ರತಿ ಸಂಪರ್ಕಕ್ಕೂ ನೀವು ಇಟ್ಟುಕೊಳ್ಳುವ ಸ್ಟೇಟ್ ಸೇರಿಸಿ 10,000 ಸಂಪರ್ಕಕ್ಕೆ ಅಳೆದು ನೋಡಿ.

ಮೆಮೊರಿ ದಿನೇದಿನೇ ಏರುತ್ತಿದ್ದರೆ 64 ಬೈಟ್‌ಗಿಂತ ದೊಡ್ಡ ಬೈನರಿಗಳನ್ನು ಶಂಕಿಸಿ. ಅವು ಹೀಪ್‌ನ ಹೊರಗಿರುತ್ತವೆ. ಸದ್ದಿಲ್ಲದ ಸಾಕೆಟ್ ಪ್ರೊಸೆಸ್‌ಗೆ ಗಾರ್ಬೇಜ್ ಕಲೆಕ್ಷನ್ (ಬಳಸಿ ಬಿಟ್ಟ ಮೆಮೊರಿ ಗುಡಿಸುವ) ಸರದಿ ಬರದೆ ಹಾಗೇ ಉಳಿಯುತ್ತವೆ. ವೆಬ್‌ಸಾಕೆಟ್ ಆಯ್ಕೆಗಳಲ್ಲಿ ಫುಲ್‌ಸ್ವೀಪ್ ಆಫ್ಟರ್ (ಎಷ್ಟು ಸಲದ ನಂತರ ಪೂರ್ತಿ ಗುಡಿಸಬೇಕೆಂಬ) ಮೌಲ್ಯ ಇಳಿಸಿದರೆ ಸಿಪಿಯು ಸ್ವಲ್ಪ ಹೆಚ್ಚು ಓಡುತ್ತದೆ, ಮೆಮೊರಿ ತಗ್ಗುತ್ತದೆ.

ಫೀನಿಕ್ಸ್‌ನ ಮುಂದೆ ಪ್ರಾಕ್ಸಿಯಾಗಿ (ನಡುವಿನ ಸರ್ವರ್ ಆಗಿ) ಎಂಜಿನ್‌ಎಕ್ಸ್ ಇಟ್ಟರೆ ಒಬ್ಬ ಬಳಕೆದಾರನಿಗೆ ಎರಡು ಸಂಪರ್ಕ ಖರ್ಚು. ಅದರ ವರ್ಕರ್ ಕನೆಕ್ಷನ್ಸ್ ಡಿಫಾಲ್ಟ್ 512, ಓಪನ್ ಫೈಲ್ ಮಿತಿ ಸಾಮಾನ್ಯವಾಗಿ 1024; ಎರಡನ್ನೂ ಏರಿಸಿ. ಪ್ರಾಕ್ಸಿ ರೀಡ್ ಟೈಮೌಟ್ ಡಿಫಾಲ್ಟ್ 60 ಸೆಕೆಂಡು; ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ಸಂಪರ್ಕ ಕಡಿಯುತ್ತದೆ. ಫೀನಿಕ್ಸ್‌ನ ಜಾವಾಸ್ಕ್ರಿಪ್ಟ್ ಕ್ಲೈಂಟ್ 30 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ (ಬದುಕಿದ್ದೇನೆ ಎಂಬ ಪುಟ್ಟ ಸಂದೇಶ) ಕಳಿಸುವುದರಿಂದ ಸಂಪರ್ಕ ಬದುಕುತ್ತದೆ. ನೀವೇ ಬರೆದ ಕ್ಲೈಂಟ್ ಪಿಂಗ್ ಮಾಡದಿದ್ದರೆ ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ. ಸಂಪರ್ಕಗಳ ಸಂಖ್ಯೆ ಸುಮಾರು 28,000ದಲ್ಲಿ ಏಕಾಏಕಿ ನಿಂತುಹೋದರೆ, ಪ್ರಾಕ್ಸಿಯಿಂದ ಬ್ಯಾಕೆಂಡಿನ ಒಂದೇ ಐಪಿ, ಒಂದೇ ಪೋರ್ಟ್‌ಗೆ ಸಿಗುವ ಲೋಕಲ್ ಪೋರ್ಟ್‌ಗಳು, ಅಂದರೆ 32768ರಿಂದ 60999, ಮುಗಿದಿವೆ ಎಂದರ್ಥ. ಬ್ಯಾಕೆಂಡ್ ಇನ್ನೂ ಕೆಲವು ಪೋರ್ಟ್‌ಗಳಲ್ಲಿ ಕೇಳುವಂತೆ ಮಾಡಿ.

ಫೀನಿಕ್ಸ್‌ನ ನಿಜವಾದ ಕೊರತೆ ಮರುಸಂಪರ್ಕದ್ದು. ಸರ್ವರ್ ರೀಸ್ಟಾರ್ಟ್ ಆದಾಗ ಅದರ ಕ್ಲೈಂಟ್ 10, 50, 100 ಮಿಲಿಸೆಕೆಂಡು ಎಂದು ಗೊತ್ತುಪಡಿಸಿದ ಅಂತರದಲ್ಲೇ ಬಾಗಿಲು ಬಡಿಯುತ್ತದೆ. ಲಕ್ಷ ಜನ ಒಂದೇ ತಾಳಕ್ಕೆ ಬಂದರೆ ಟಿಎಲ್‌ಎಸ್ ಹ್ಯಾಂಡ್‌ಶೇಕ್‌ಗಳಲ್ಲೇ ಸಿಪಿಯು ಮುಳುಗುತ್ತದೆ. ರೀಕನೆಕ್ಟ್ ಆಫ್ಟರ್ ಫಂಕ್ಷನ್ ನೀವೇ ಬರೆದು, 1ರಿಂದ 30 ಸೆಕೆಂಡಿನೊಳಗೆ ಯಾದೃಚ್ಛಿಕ ಅಂತರ ಕೊಡಿ. ಇದನ್ನು ಮೊದಲ ಬಿಡುಗಡೆಯಲ್ಲೇ ಸೇರಿಸಿ, ಏಕೆಂದರೆ ಜನರ ಫೋನಿಗೆ ಇಳಿದ ಆ್ಯಪ್ ಅವರು ಅಪ್‌ಡೇಟ್ ಮಾಡುವವರೆಗೂ ಹಳೆಯ ತಾಳದಲ್ಲೇ ಬಡಿಯುತ್ತಿರುತ್ತದೆ.