ಡ್ರೇಯರ್‌ನ ‘ವ್ಯಾಂಪಿರ್’: ಯಾವ ಆವೃತ್ತಿ ನೋಡೋದು, ಯಾವ ಕತೆ ಓದೋದು?

ಡೆನ್ಮಾರ್ಕ್‌ನ ನಿರ್ದೇಶಕ ಕಾರ್ಲ್ ಡ್ರೇಯರ್‌ನ ರಕ್ತಪಿಶಾಚಿ ಸಿನಿಮಾ ‘ವ್ಯಾಂಪಿರ್’ 1932ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಿತು. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ತರುವ ಯೋಚನೆಯಿತ್ತು. ಹಾಗಾಗಿ ಮಾತು ತೀರಾ ಕಡಿಮೆ.

ಮೊದಲ ಸಲ ನೋಡುವವರು 1998ರಲ್ಲಿ ಸರಿಪಡಿಸಿದ ಜರ್ಮನ್ ಪ್ರತಿಯನ್ನೇ ಹುಡುಕಿ. ಮೂಲ ನೆಗೆಟಿವ್ ಉಳಿದಿಲ್ಲ. ಉಳಿದ ಹಳೆಯ ಪ್ರಿಂಟ್‌ಗಳಿಂದ ಜೋಡಿಸಿದ್ದು, ಒಂದೂಕಾಲು ಗಂಟೆಯ ಒಳಗೇ ಮುಗಿಯುತ್ತದೆ. ಚಿತ್ರ ಮಸುಕು ಅಂತ ಪ್ರಿಂಟನ್ನು ಬೈಯಬೇಡಿ, ಆ ಮಬ್ಬು ಡ್ರೇಯರ್ ಬೇಕೆಂದೇ ಮಾಡಿದ್ದು!

ಜರ್ಮನ್ ಸೆನ್ಸಾರ್ ಎರಡು ಕಡೆ ಕತ್ತರಿ ಹಾಕಿತ್ತು: ಪಿಶಾಚಿಯ ಎದೆಗೆ ಗೂಟ ಹೊಡೆಯುವುದು, ಗಿರಣಿಯಲ್ಲಿ ಅವಳ ಸಹಾಯಕ ಡಾಕ್ಟರ್ ಹಿಟ್ಟಿನಡಿ ಉಸಿರುಗಟ್ಟಿ ಸಾಯುವುದು. ಆ ತುಣುಕುಗಳು ಕೆಲವು ಡಿಸ್ಕ್‌ಗಳಲ್ಲಿ ಬೇರೆಯಾಗಿ ಸಿಗುತ್ತವೆ. ಚಿತ್ರ ಮುಗಿದ ಮೇಲೆ ನೋಡಿ. ನನಗೆ ಹಿಟ್ಟಿನ ಸಾವೇ ಜಾಸ್ತಿ ಭಯ, ರಕ್ತದ ಹನಿಯೂ ಇಲ್ಲದೆ ಬಿಳಿ ಪುಡಿ ಸುಮ್ನೆ ಸುರಿಯುತ್ತಲೇ ಇರುತ್ತದೆ.

ಇದೇ ಚಿತ್ರದ ಅಮೆರಿಕದ ಆವೃತ್ತಿ ‘ಕ್ಯಾಸಲ್ ಆಫ್ ಡೂಮ್’ ಇಂಗ್ಲಿಷ್ ಡಬ್ಬಿಂಗ್, ಮನಸ್ಸಿಗೆ ಬಂದಂತೆ ಕತ್ತರಿಸಿದ್ದು. ಸಂಗ್ರಹದ ಹುಚ್ಚಿದ್ದರೆ ಮಾತ್ರ.

ಇನ್ನು ಪುಸ್ತಕ. ಚಿತ್ರದ ಟೈಟಲ್ ಹೆಸರಿಸುವುದು ಐರ್ಲೆಂಡಿನ ಲೇಖಕ ಶೆರಿಡನ್ ಲೆ ಫಾನು ಅವರ 1872ರ ಕಥಾಸಂಕಲನವನ್ನು. ಅದರಲ್ಲಿನ ‘ಕಾರ್ಮಿಲ್ಲಾ’ದಿಂದ ಹೆಣ್ಣು ಪಿಶಾಚಿ ಬಂದಿರಬೇಕು. ಆದರೆ ಕಾರ್ಮಿಲ್ಲಾ ಚೆಲುವೆ, ಗೆಳತಿಯಂತೆ ಹತ್ತಿರವಾಗುವವಳು. ಇಲ್ಲಿರುವುದು ಒಬ್ಬ ಮುದುಕಿ. ನಾಯಕ ಶವಪೆಟ್ಟಿಗೆಯ ಗಾಜಿನಿಂದ ಮೇಲೆ ನೋಡುವ ದೃಶ್ಯಕ್ಕೆ ಅದೇ ಸಂಕಲನದ ‘ದಿ ರೂಮ್ ಇನ್ ದ ಡ್ರ್ಯಾಗನ್ ವೊಲಾಂಟ್’ ಹತ್ತಿರ. ಅಲ್ಲೂ ಬದುಕಿರುವವನೇ ಪೆಟ್ಟಿಗೆಯೊಳಗೆ. ಓದಲು ‘ಕಾರ್ಮಿಲ್ಲಾ’ ಚೆನ್ನ. ಈ ಸಿನಿಮಾಕ್ಕೆ ಜೋಡಿ ಬೇಕಾದರೆ ಎರಡನೆಯದೇ.