ಅಂಗಡಿಯ ಫೋನ್ ನಂಬರು ಯಾರ ಹೆಸರಲ್ಲಿದೆ? ಇವತ್ತೇ ನೋಡಿ

ಮಂಗಳೂರು, ಉಡುಪಿ ಕಡೆ ಸಣ್ಣ ವ್ಯಾಪಾರ ಮಾಡುವವರು ದಯವಿಟ್ಟು ಇದನ್ನು ಓದಿ. "ವಯರ್ ಬೇಡ, ಡಬ್ಬ ಬೇಡ, 0824 ನಂಬರು ಕೊಡ್ತೇವೆ, ಕಾಲ್ ನಿಮ್ಮ ಮೊಬೈಲಿಗೇ ಬರ್ತದೆ" ಎಂದು ಯಾರಾದರೂ ಬಂದರೆ ಕೂಡಲೇ ಒಪ್ಪಬೇಡಿ.

ನನ್ನ ಅಣ್ಣನದು ಮಂಗಳೂರಿನಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆ ಕೊಡುವ ಕೆಲಸ. ಅಪ್ಪನ ಕಾಲದ ಲ್ಯಾಂಡ್‌ಲೈನ್ ಇತ್ತು. ರಸ್ತೆ ಅಗೆದಾಗಲೆಲ್ಲ ಕೇಬಲ್ ತುಂಡಾಗುತ್ತಿತ್ತು. ಅದೇ ಹೊತ್ತಿಗೆ ಒಂದು ಕಂಪನಿಯ ಏಜೆಂಟ್ ಬಂದ. ಹಳೆಯದನ್ನು ಸರೆಂಡರ್ ಮಾಡಿ, ಹೊಸ ನಂಬರು ಯಾವಾಗಲೂ ನಿಮ್ಮದೇ ಎಂದು ಬಾಯಿ ಮಾತಿನಲ್ಲಿ ಹೇಳಿದ. ಬೋರ್ಡು, ಬಿಲ್ ಬುಕ್, ಟೆಂಪೋ ಎಲ್ಲದರ ಮೇಲೂ ಆ ನಂಬರೇ ಬಂತು.

ನಮ್ಮೂರಲ್ಲಿ ಇಂಥ ನಂಬರಿಗೆ ಬೆಲೆ ಇದೆ. ಮುಂಬೈಯಲ್ಲೋ ದುಬೈಯಲ್ಲೋ ಇರುವವರು ಊರಿನ ಮದುವೆಗೆ, ನೇಮಕ್ಕೆ, ಬ್ರಹ್ಮಕಲಶಕ್ಕೆ ಅಲ್ಲಿಂದಲೇ ಬುಕ್ ಮಾಡುತ್ತಾರೆ. 0824 ಕಂಡರೆ ಮಂಗಳೂರು, 0820 ಕಂಡರೆ ಉಡುಪಿ, 08254 ಅಂದರೆ ಕುಂದಾಪುರ. ಅಂಗಡಿ ಊರಲ್ಲೇ ಇದೆ ಎಂಬ ಧೈರ್ಯ ಅವರಿಗೆ. ಮೊಬೈಲ್ ನಂಬರು ನೋಡಿದರೆ ಆ ಧೈರ್ಯ ಬರುವುದಿಲ್ಲ, ಅದು ಯಾವ ಊರಿನದೂ ಆಗಿರಬಹುದು ಅಲ್ವಾ?

ವರ್ಷ ಮುಗಿದಾಗ ಕಂಪನಿ ಆ ನಂಬರಿನ ಬಾಡಿಗೆಯನ್ನು ಸಿಕ್ಕಾಪಟ್ಟೆ ಏರಿಸಿತು. ಅಣ್ಣ ಆಗುವುದಿಲ್ಲ ಎಂದ. ನಂಬರು ನಿಂತೇ ಹೋಯಿತು, ಅದೂ ಎಪ್ರಿಲ್‌ನಲ್ಲಿ, ಮದುವೆಗಳ ನಡುವೆ. ಅಂಗಡಿ ಮುಚ್ಚಿದೆ ಎಂದುಕೊಂಡು ಹಳೆಯ ಗಿರಾಕಿಗಳು ಬೇರೆಯವರನ್ನು ಗೊತ್ತು ಮಾಡಿದರು. ಕೆಲವು ತಿಂಗಳ ನಂತರ ಅದೇ ನಂಬರು ಬೇರೊಬ್ಬ ವ್ಯಾಪಾರಿಯ ಕೈಯಲ್ಲಿತ್ತು.

ಕೇಳಿದರೆ ಕಂಪನಿ ಒಪ್ಪಂದದ ಸಣ್ಣ ಅಕ್ಷರ ತೋರಿಸಿತು: ನಂಬರು ಕಂಪನಿಯದು, ನೀವು ಬಳಸುವವರು ಮಾತ್ರ. ಪೋರ್ಟ್ ಮಾಡಿಸೋಣ ಎಂದರೆ, ನಮ್ಮ ದೇಶದಲ್ಲಿ ಕಂಪನಿ ಬದಲಿಸಿಯೂ ನಂಬರು ಉಳಿಸಿಕೊಳ್ಳುವ ಸೌಕರ್ಯ ಇರುವುದು ಮೊಬೈಲಿಗೆ. ಲ್ಯಾಂಡ್‌ಲೈನ್ ನಂಬರಿಗೆ ಇಲ್ಲ. ಅಪ್ಪನ ನಂಬರೂ ವಾಪಸ್ ಸಿಗಲಿಲ್ಲ. ಇದು ನನಗೆ ಈಗಲೂ ಸಹಿಸಲು ಆಗದ ವಿಷಯ. ಅಷ್ಟು ವರ್ಷ ದುಡಿದು ಗಳಿಸಿದ ಹೆಸರು ಅದರ ಜೊತೆ ಸೇರಿಕೊಂಡಿತ್ತು.

ನಿಮ್ಮಲ್ಲಿ ಬಿಎಸ್‌ಎನ್‌ಎಲ್ ಹಳೆ ಲೈನ್ ಇದ್ದರೆ ಸರೆಂಡರ್ ಮಾಡುವ ಮೊದಲು ಎಕ್ಸ್‌ಚೇಂಜಿಗೆ ಹೋಗಿ. ತಾಮ್ರದ ಲೈನನ್ನು ಫೈಬರಿಗೆ ಬದಲಿಸುವಾಗ ಬಹಳ ಕಡೆ ಹಳೆ ನಂಬರನ್ನೇ ಉಳಿಸಿಕೊಡುತ್ತಾರೆ. ಏಜೆಂಟರು ಇದನ್ನು ಹೇಳುವುದೇ ಇಲ್ಲ. ಅಂಗಡಿಗೆ ಮೊಬೈಲ್ ಬಳಸುವವರೂ ಸಿಮ್ ಯಾರ ಹೆಸರಲ್ಲಿದೆ ನೋಡಿ. ಬಿಟ್ಟುಹೋದ ಕೆಲಸದವನ ಹೆಸರಲ್ಲಿದ್ದರೆ ಅದೂ ನಿಮ್ಮದಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಪುಟವನ್ನು ಏಜೆಂಟ್ ತನ್ನ ಜಿಮೇಲಿನಲ್ಲಿ ಮಾಡಿದ್ದರೆ ಈಗಲೇ ನಿಮ್ಮದಕ್ಕೆ ಬದಲಿಸಿಕೊಳ್ಳಿ.

ಬಾಡಿಗೆ ನಂಬರೇ ಬೇಕು ಎಂದಾದರೆ, ಬಿಟ್ಟ ಮೇಲೆ ಎಷ್ಟು ತಿಂಗಳು ಅದನ್ನು ಬೇರೆಯವರಿಗೆ ಕೊಡುವುದಿಲ್ಲ, ದರ ಎಷ್ಟರ ಮೇಲೆ ಏರಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಸಹಿ ಹಾಕಬೇಡಿ.