ಹಳೇ ಬುಲೆಟ್‌ಗೆ ಕ್ಯಾಮ್ ಕೂರಿಸುವಾಗ ಚುಕ್ಕೆ ಗುರುತನ್ನಷ್ಟೇ ನಂಬಬೇಡಿ

ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಪೂರ್ತಿ ಇಂಜಿನ್ ಕೆಲಸ ಮಾಡಿಸಿಕೊಂಡ ಕಾಸ್ಟ್ ಐರನ್ 350 ಬುಲೆಟ್ ಒಂದು ಚಿತ್ರದುರ್ಗಕ್ಕೆ ಹೊರಟು ಭರಮಸಾಗರದ ಹತ್ತಿರ ಹೈವೇ ಪಕ್ಕ ನಿಂತುಬಿಟ್ಟಿತು. ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್, ಹೋಗಿತ್ತು. ಬೋರಿಂಗ್, ಹೊಸ ಪಿಸ್ಟನ್, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಹೊಸ ಕ್ಯಾಮ್ ಜೋಡಿ, ಎಲ್ಲಕ್ಕೂ ದುಡ್ಡು ಸುರಿದಿದ್ದ ಇಂಜಿನ್ ಅದು. ಬಿಚ್ಚಿ ನೋಡಿದರೆ ಕೆಟ್ಟಿದ್ದೆಲ್ಲದರ ಮೂಲ ಕ್ಯಾಮ್ ಗಿಯರ್‌ಗಳನ್ನು ಮುಚ್ಚುವ ಟೈಮಿಂಗ್ ಕವರಿನ ಒಳಗೇ ಇತ್ತು. ಗ್ಯಾರೇಜಿನ ಹೆಸರು ಬೇಡ. ಹಳೇ ಬುಲೆಟ್ ಕಟ್ಟಿಸುವವರು ಇದೇ ಹೊಂಡಕ್ಕೆ ಬೀಳದಿರಲಿ ಅಂತ ವಿವರವಾಗಿ ಬರೆಯುತ್ತಿದ್ದೇವೆ.

ಗಾಡಿ ನಿಲ್ಲುವುದಕ್ಕೂ ಮುಂಚೆಯೇ ಲಕ್ಷಣ ಕಾಣಿಸಿಕೊಂಡಿತ್ತು. ಕಿಕ್ ಹೊಡೆದರೆ ಮೆತ್ತಗೆ ಇಳಿಯುತ್ತಿತ್ತು, ಹೊಸ ರಿಂಗ್ ಹಾಕಿದ ಇಂಜಿನ್ನಿನ ಬಿಗಿ ಇರಲಿಲ್ಲ. ಕಾರ್ಬುರೇಟರ್ ಬಾಯಿ ಯಾವಾಗಲೂ ಪೆಟ್ರೋಲಿನಿಂದ ಒದ್ದೆ. ಏರಿನಲ್ಲಿ ಎಳೆತವೇ ಇಲ್ಲ. ಗ್ಯಾರೇಜಿನವರು ಮೊದಲು ರಿಂಗ್ ಕೂರಲಿ ಅಂದರು, ಆಮೇಲೆ ಜೆಟ್ ಬದಲಿಸಿದರು, ಇಗ್ನಿಷನ್ ಪಾಯಿಂಟ್ ಸರಿಸಿದರು. ನಿಜವಾದ ಕಾರಣ, ಇನ್‌ಲೆಟ್ ಕ್ಯಾಮ್ ಒಂದು ಹಲ್ಲು ಹಿಂದೆ ಕೂತಿತ್ತು. ವಾಲ್ವ್ ತಡವಾಗಿ ಮುಚ್ಚಿದರೆ ಮೇಲೇರುವ ಪಿಸ್ಟನ್ ಒಳಗೆ ಬಂದ ಮಿಶ್ರಣವನ್ನೇ ಕಾರ್ಬುರೇಟರ್ ಕಡೆ ವಾಪಸ್ ತಳ್ಳುತ್ತದೆ. ಕಂಪ್ರೆಷನ್ ಬೀಳುವುದು, ಕಾರ್ಬುರೇಟರ್ ಒದ್ದೆಯಾಗುವುದು ಎರಡೂ ಅದರಿಂದಲೇ. ಬುಲೆಟ್ ಇಂಜಿನ್ ಒಂದು ಹಲ್ಲು ತಪ್ಪಿದರೂ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಅದಕ್ಕೇ ಈ ತಪ್ಪು ತಿಂಗಳುಗಟ್ಟಲೆ ಸಿಕ್ಕಿಬೀಳುವುದಿಲ್ಲ.

ಹಲ್ಲು ತಪ್ಪಿದ್ದು ಹೇಗೆ? ಹಳೇ ಇಂಜಿನ್ನಿನ ಗಿಯರ್ ಮೇಲೆ ಹಲ್ಲು ಹೊಂದಿಸಲು ಇರುವ ಕಂಪನಿಯ ಗುರುತಿನ ಜೊತೆ, ಹಿಂದೆ ಬಿಚ್ಚಿದ ಒಬ್ಬೊಬ್ಬ ಮೆಕ್ಯಾನಿಕ್ ಪಂಚ್ ಹೊಡೆದ ಚುಕ್ಕೆಗಳೂ ಇರುತ್ತವೆ. ಈ ಇಂಜಿನ್ನಿನ ಕ್ರ್ಯಾಂಕ್ ಪಿನಿಯನ್ (ಕ್ಯಾಮ್ ತಿರುಗಿಸುವ ಸಣ್ಣ ಗಿಯರ್) ಮೇಲೆ ಅಂಥ ಚುಕ್ಕೆ ಒಂದಕ್ಕಿಂತ ಹೆಚ್ಚಿದ್ದವು, ಕೂರಿಸಿದವರು ಕಣ್ಣಿಗೆ ಎದ್ದು ಕಂಡದ್ದನ್ನು ಹಿಡಿದರು. ಬಜಾರಿನ ಡೂಪ್ಲಿಕೇಟ್ ಕ್ಯಾಮ್‌ಗಳಲ್ಲಿ ಗುರುತೇ ತಪ್ಪಾಗಿ ಬಿದ್ದಿರುವುದೂ ಉಂಟು. ಹಳೇ ಯೆಜ್ಡಿ, ರಾಜದೂತ್ ಚೆನ್ನಾಗಿ ಕಟ್ಟುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಬುಲೆಟ್ ಒಪ್ಪಿಸಬೇಡಿ. ಅವು ಟೂ ಸ್ಟ್ರೋಕ್, ಕ್ಯಾಮ್ ಅನ್ನುವುದೇ ಅವುಗಳಲ್ಲಿಲ್ಲ.

ಒಂದು ಹಲ್ಲು ಅಂದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಕ್ಯಾಮ್ ಒಂದು ಸುತ್ತು ಬರುವಾಗ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುತ್ತದೆ. ಕ್ಯಾಮ್ ಗಿಯರಿನ ಹಲ್ಲು ಎಣಿಸಿ, 720ನ್ನು ಆ ಸಂಖ್ಯೆಯಿಂದ ಭಾಗಿಸಿ. 40 ಹಲ್ಲಿದ್ದರೆ ಕ್ರ್ಯಾಂಕಿನಲ್ಲಿ 18 ಡಿಗ್ರಿ ವ್ಯತ್ಯಾಸ. ಇಷ್ಟು ದೊಡ್ಡ ತಪ್ಪು ಡಿಗ್ರಿ ಡಿಸ್ಕ್ (ಡಿಗ್ರಿ ಗುರುತಿರುವ ದುಂಡು ತಟ್ಟೆ) ಹಾಕಿದರೆ ಅಡಗಿಕೊಳ್ಳಲು ಸಾಧ್ಯವೇ ಇಲ್ಲ. ಡಿಸ್ಕ್ ಇಲ್ಲದೆ ಕ್ಯಾಮ್ ಕೂರಿಸುವವರ ಕೈಗೆ ಹಳೇ ಇಂಜಿನ್ ಕೊಡಲೇಬಾರದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಬಿಂದು, ಹಿಡಿಯಬೇಕು. ಪ್ಲಗ್ ತೂತಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಅಂದಾಜು ಮಾಡಿದರೆ ಆಗದು, ಮೇಲ್ತುದಿಯಲ್ಲಿ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದು ಕಾಣುವುದಿಲ್ಲ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ಚಿಪ್ಪಿಗೆ ಬೋಲ್ಟ್ ಕೂರಿಸಿ ಪಿಸ್ಟನ್ ಸ್ಟಾಪ್ ಮಾಡಿಕೊಳ್ಳಿ. ಡಿಸ್ಕನ್ನು ಕ್ರ್ಯಾಂಕಿಗೆ ಬಿಗಿದು, ಪಿಸ್ಟನ್ ತಾಗುವವರೆಗೆ ಒಂದು ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಅಂಕಿ ಬರೆದುಕೊಳ್ಳಿ, ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ. ಒಂದು ಕಡೆ 24, ಇನ್ನೊಂದು ಕಡೆ 30 ಬಂದರೆ ಡಿಸ್ಕನ್ನು 3 ಡಿಗ್ರಿ ಸರಿಸಿ. ಎರಡೂ ಕಡೆ 27 ಬಂತೆಂದರೆ ಸೊನ್ನೆ ಇರುವುದೇ ಟಿಡಿಸಿ.

ಆಮೇಲೆ ಸ್ಟಾಪ್ ತೆಗೆದು, ಇನ್‌ಲೆಟ್ ವಾಲ್ವಿನ ಸ್ಪ್ರಿಂಗ್ ಕಾಲರ್ ಮೇಲೆ ಡಯಲ್ ಗೇಜ್ ಇಡಿ. ವಾಲ್ವ್ ಪೂರ್ತಿ ತೆರೆಯುವ ಜಾಗಕ್ಕೆ 1 ಮಿ.ಮೀ. ಕಡಿಮೆ ಇರುವಾಗ ಒಂದು ಅಂಕಿ, ದಾಟಿ ಮುಚ್ಚುತ್ತಾ 1 ಮಿ.ಮೀ. ಇಳಿದಾಗ ಇನ್ನೊಂದು ಅಂಕಿ. ಎರಡರ ನಡುವಿನ ಬಿಂದುವೇ ಕ್ಯಾಮ್ ಮೂಗಿನ ಮಧ್ಯ. ಅದು ಎಲ್ಲಿರಬೇಕು ಅನ್ನುವುದಕ್ಕೆ ನಿಮ್ಮ ಮಾಡೆಲ್ಲಿನ ಮ್ಯಾನ್ಯುವಲ್ ನೋಡಿ. ಇನ್‌ಲೆಟ್ ಟಿಡಿಸಿಗೆ 30 ಡಿಗ್ರಿ ಮುಂಚೆ ತೆರೆದು ಬಿಡಿಸಿಯ (ಪಿಸ್ಟನ್ ತೀರಾ ಕೆಳಗಿರುವ ಬಿಂದು) ನಂತರ 60ಕ್ಕೆ ಮುಚ್ಚಬೇಕು ಅಂತ ಇದ್ದರೆ, ಒಟ್ಟು 270, ಅರ್ಧ 135, ಅದರಲ್ಲಿ 30 ಕಳೆದರೆ ಟಿಡಿಸಿಯ ನಂತರ 105. ಮೂರ್ನಾಲ್ಕು ಡಿಗ್ರಿ ಆಚೀಚೆ ಆದರೆ ಹಳೇ ಗಿಯರಿನಲ್ಲಿ ಸಹಜ. 120 ದಾಟಿದರೆ ಚುಕ್ಕೆ ಏನೇ ಹೇಳಲಿ, ಹಲ್ಲು ತಪ್ಪಿದೆ. ಅಂಕಿ ಓದುವಾಗ ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಜಾಗ ದಾಟಿಹೋದರೆ ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ, ಇಲ್ಲದಿದ್ದರೆ ಗಿಯರ್ ಹಲ್ಲುಗಳ ಸಡಿಲವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಎಕ್ಸಾಸ್ಟ್ ಕ್ಯಾಮಿಗೂ ಇದೇ ಕ್ರಮ.

ಇನ್ನು ಬಿಗ್ ಎಂಡ್ ಹೋದದ್ದರ ವಿಷಯ. ಈ ಇಂಜಿನ್ನಿನಲ್ಲಿ ಟೈಮಿಂಗ್ ಕವರಿಗೆ ಪೇಪರ್ ಗ್ಯಾಸ್ಕೆಟ್ ಹಾಕಿರಲಿಲ್ಲ, ಬರೀ ಸಿಲಿಕಾನ್ ಬಳಿದು ಮುಚ್ಚಿದ್ದರು. ಗ್ಯಾಸ್ಕೆಟ್ ದಪ್ಪ ಹೋದ್ದರಿಂದ ಕವರ್ ಒಳಕ್ಕೆ ಸರಿದು ಕ್ಯಾಮ್‌ಗಳ ಎಂಡ್ ಪ್ಲೇ (ಒಳಗೆ ಹೊರಗೆ ಸರಿಯುವ ಸಣ್ಣ ಆಟ) ಪೂರ್ತಿ ಮಾಯವಾಗಿತ್ತು. ಕ್ಯಾಮ್ ಮುಖ ಕವರಿಗೆ ಉಜ್ಜಿ, ಸ್ಪಿಂಡಲ್ ಒಣಗಿ ಗೀರು ಬಿದ್ದಿತ್ತು. ಹಿಂಡಿ ಒಳಗೆ ಬಂದ ಸಿಲಿಕಾನ್ ಆಯಿಲ್ ದಾರಿಗೆ ಸೇರಿತ್ತು. ಕ್ರ್ಯಾಂಕ್ ತುದಿಗೂ ಕವರಿಗೂ ನಡುವೆ ಕೂರುವ ಕಾರ್ಕ್ ಸೀಲ್ ಹಳೆಯದೇ, ಚಪ್ಪಟೆಯಾಗಿತ್ತು. ಬಿಗ್ ಎಂಡಿಗೆ ಆಯಿಲ್ ಹೋಗುವುದು ಆ ಕಾರ್ಕಿನ ಮೂಲಕವೇ. ಬೆಲೆ ಏನೂ ಅಲ್ಲದ ವಸ್ತು, ಕವರ್ ತೆಗೆದಾಗಲೆಲ್ಲ ಹೊಸದು ಹಾಕಿ.

ಎಂಡ್ ಪ್ಲೇ ನೋಡಲು ಕ್ಯಾಮ್ ಮುಖದ ಮೇಲೆ ಸ್ವಲ್ಪ ಮಕ್ಕಳ ಆಟದ ಕ್ಲೇ ಇಟ್ಟು, ಗ್ಯಾಸ್ಕೆಟ್ ಸಮೇತ ಕವರ್ ಬಿಗಿದು ತೆಗೆಯಿರಿ. ಉಳಿದ ದಪ್ಪ ಅಳೆದು ಶಿಮ್ (ತೆಳು ವಾಷರ್) ಹೆಚ್ಚು ಕಡಿಮೆ ಮಾಡಿ. ಬೆರಳಿಗೆ ತಿಳಿಯುವಷ್ಟು ಆಟ ಇರಲೇಬೇಕು, ಕಟಕಟ ಅನ್ನುವಷ್ಟು ಬೇಡ.

ಪಿನಿಯನ್ ಹಿಡಿದಿರುವ ವರ್ಮ್ ನಟ್ ಎಡಗೈ ಥ್ರೆಡ್. ಗೊತ್ತಿಲ್ಲದವರು ಉಳಿ ಇಟ್ಟು ತಪ್ಪು ದಿಕ್ಕಿಗೆ ಹೊಡೆಯುತ್ತಾರೆ. ಆಯಿಲ್ ಪಂಪ್ ನಡೆಯುವುದೇ ಆ ನಟ್ಟಿನ ಹಲ್ಲಿನಿಂದ, ಅದು ಜಖಂ ಆದರೆ ಪಂಪ್ ಸ್ಪಿಂಡಲನ್ನೂ ತಿನ್ನುತ್ತದೆ. ಹೊಸ ಕ್ಯಾಮ್ ಹಾಕಿದರೆ ಅದರ ಮೇಲೆ ಕೂತು ಪುಶ್‌ರಾಡ್ ಎತ್ತುವ ಟ್ಯಾಪೆಟ್ ಕೂಡ ಹೊಸದೇ ಆಗಬೇಕು. ಇಲ್ಲಿ ಹಳೇ ಟ್ಯಾಪೆಟ್ ಉಳಿಸಿಕೊಂಡಿದ್ದರು, ಅದರ ಸವೆದ ಕಾಲು ಹೊಸ ಕ್ಯಾಮಿನ ಮೂಗನ್ನು ಆಗಲೇ ಕೆರೆದಿತ್ತು.

ಟ್ಯಾಪೆಟ್ ಅಡ್ಜಸ್ಟ್ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಗಿಯರ್ ಬಿಚ್ಚಿದ ಮೇಲೆ ಇಗ್ನಿಷನ್ ಟೈಮಿಂಗ್ ಹೊಸದಾಗಿ ಕಟ್ಟಲೇಬೇಕು, ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ.

ಗ್ಯಾರೇಜಿಗೆ ಕೊಡುವಾಗಲೇ ಹೇಳಿ: ಕವರ್ ಮುಚ್ಚುವ ಮುಂಚೆ ಕರೆಯಬೇಕು, ಡಿಸ್ಕಿನ ಅಂಕಿ ತೋರಿಸಬೇಕು, ತೆಗೆದ ಹಳೇ ಪಾರ್ಟ್ ವಾಪಸ್ ಕೊಡಬೇಕು. ಗಾಡಿ ತರುವ ದಿನ ಪ್ಲಗ್ ತೆಗೆಸಿ ಕಿಕ್ ಹೊಡೆದು ಆಯಿಲ್ ಏರಿಸಿ, ಸ್ಟಾರ್ಟ್ ಆದ ಮೇಲೆ ರಾಕರ್ ಆಯಿಲ್ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ ನೋಡಿ. ಅಲ್ಲಿ ಆಯಿಲ್ ಜಿನುಗದಿದ್ದರೆ ಇಂಜಿನ್ ತಕ್ಷಣ ಆಫ್ ಮಾಡಿ, ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಆದರೆ ಅಲ್ಲಿ ಜಿನುಗಿದರೆ ರಿಟರ್ನ್ ಪಂಪ್ ನಡೆಯುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ. ಬಿಗ್ ಎಂಡಿನ ದಾರಿ ತೆರೆದಿದೆಯೋ ಇಲ್ಲವೋ ಅನ್ನುವುದನ್ನು ಕವರ್ ಮುಚ್ಚುವ ಮೊದಲೇ, ಕಾರ್ಕ್ ಮತ್ತು ಆಯಿಲ್ ತೂತುಗಳನ್ನು ಕಣ್ಣಾರೆ ನೋಡಿಕೊಂಡಿರಬೇಕು.